ತಪ್ಪು ಲೆಕ್ಕದ ಫೋಟೊ ಯಾವ ಗ್ರೂಪಿಗೆ ಹಾಕೋದು?

ಐದನೇ ಕ್ಲಾಸ್ ಟೀಚರ್, ಚಿತ್ರದುರ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮ ಕ್ಲಸ್ಟರ್‌ನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ವಾಟ್ಸಾಪ್ ಗ್ರೂಪು ಹೇಗಿದೆ ಅಂದರೆ, ಬೆಳಿಗ್ಗೆ ಶುಭೋದಯ, ಹತ್ತು ಗಂಟೆಗೆ ಸುತ್ತೋಲೆಯ ಪಿಡಿಎಫ್, ಮಧ್ಯಾಹ್ನ 'ಇನ್ನೂ ಮಾಹಿತಿ ಕೊಡದ ಶಾಲೆಗಳು' ಅನ್ನೋ ಪಟ್ಟಿ, ಸಂಜೆ ಮಕ್ಕಳ ಚಾರ್ಟು, ಮಾಡೆಲ್‌ಗಳ ಫೋಟೊ. ಅದರ ಕೆಳಗೆ ಸಾಲಾಗಿ ಚಪ್ಪಾಳೆ. ಚಪ್ಪಾಳೆ ಬೇಡ ಅಂತಲ್ಲ. ಆದರೆ ಆ ಚಾರ್ಟು ನೋಡಿ ನಾಳೆ ನನ್ನ ಕ್ಲಾಸಿನಲ್ಲಿ ಏನು ಬದಲಿಸಬೇಕು ಅಂತ ಒಂದು ದಿನವೂ ಗೊತ್ತಾಗಿಲ್ಲ. ಎಷ್ಟೋ ಚಾರ್ಟು ಬರೆದವರು ಮೇಷ್ಟ್ರೇ ಅನ್ನೋದು ಅಕ್ಷರ ನೋಡಿದರೇ ತಿಳಿಯುತ್ತದೆ, ಅಲ್ವಾ?

ನನಗೆ ಬೇಕಿರೋದು ಬೇರೆ. ಮೊನ್ನೆ 402ರಲ್ಲಿ 178 ಕಳೆಯಿರಿ ಅಂತ ಲೆಕ್ಕ ಕೊಟ್ಟೆ. ಒಬ್ಬ ಹುಡುಗ 376 ಬರೆದ. ಒಬ್ಬ ಹುಡುಗಿ 234 ಬರೆದಳು. ಸರಿ ಉತ್ತರ 224. ಕೆಂಪು ಪೆನ್ನಿನಲ್ಲಿ ಇಬ್ಬರಿಗೂ ಅಡ್ಡಗೆರೆ ಎಳೆದರೆ ಇಬ್ಬರದ್ದೂ ಒಂದೇ ತಪ್ಪು ಆಗಿಬಿಡುತ್ತದೆ. ಆದರೆ ಹುಡುಗ ಮಾಡಿದ್ದು ಏನು? ಮೇಲಿದ್ದರೂ ಸರಿ, ಕೆಳಗಿದ್ದರೂ ಸರಿ, ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆದಿದ್ದಾನೆ. 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 4ರಲ್ಲಿ 1 ಹೋದರೆ 3. ಹುಡುಗಿಗೆ ದಶಕ ತಗೊಳ್ಳೋದು ಗೊತ್ತು. ನೂರರ ಮನೆಯಿಂದ ಒಂದು ತಂದು ಸೊನ್ನೆಯನ್ನು 10 ಮಾಡಿದ್ದಾಳೆ. ಬಿಡಿಗೂ ಕೊಟ್ಟು 12 ಮಾಡಿದ್ದಾಳೆ. ಕೊಟ್ಟ ಮೇಲೆ ಆ 10 ಅನ್ನು 9 ಮಾಡೋದು ಬಿಟ್ಟಿದ್ದಾಳೆ, ಅಷ್ಟೇ. 452ರಲ್ಲಿ 178 ಕಳಿ ಅಂದರೆ ಸರಿಯಾಗಿ 274 ಬರೆಯುತ್ತಾಳೆ. ನಡುವೆ ಸೊನ್ನೆ ಬಂದರೆ ಮಾತ್ರ ಎಡವುತ್ತಾಳೆ.

ಇಂಥ ಪುಟಗಳನ್ನು ಬೇರೆ ಟೀಚರ್‌ಗಳ ಜೊತೆ ಇಟ್ಟುಕೊಂಡು ಮಾತಾಡಬೇಕು ಅಂತ ಆಸೆ. ಹಿಂದೆ ಒಬ್ಬರು ಹೀಗೇ ಒಂದು ತಪ್ಪು ಲೆಕ್ಕದ ಫೋಟೊ ಗ್ರೂಪಿಗೆ ಹಾಕಿದ್ದರು. ಮೊದಲು ಬಂದ ಉತ್ತರ, 'ಇದು ಯಾವ ಶಾಲೆ? ಯಾರು ಪಾಠ ಮಾಡೋದು?' ಫೋಟೊ ತಕ್ಷಣ ಡಿಲೀಟ್ ಆಯಿತು. ಆಮೇಲೆ ಯಾರೂ ಅಂಥದ್ದನ್ನು ಹಾಕಿಲ್ಲ.

ನಿಮ್ಮಲ್ಲಿ ಯಾರಾದರೂ ಹೀಗೆ ಮಾಡ್ತಿದ್ದೀರಾ? ಎಲ್ಲಿ ಹಾಕ್ತೀರಿ? ಮಗುವಿನ ಹೆಸರು, ಫೋಟೊ ವಿಷಯದಲ್ಲಿ ಏನು ಎಚ್ಚರ ಬೇಕು?

ಗಣಿತದ ಮೇಷ್ಟ್ರು, ಹಾಸನ

ಮೇಡಂ, ಮೊದಲು ಆ ದೊಡ್ಡ ಗ್ರೂಪಿನ ಆಸೆ ಬಿಡಿ. ವಾಟ್ಸಾಪ್‌ನಲ್ಲಿ ಈಗ 1024 ಜನರನ್ನು ಸೇರಿಸಬಹುದು, ನಿಜ. ಅಷ್ಟು ಜನರ ಮುಂದೆ ಯಾವ ಮೇಷ್ಟ್ರೂ 'ನನ್ನ ಕ್ಲಾಸಲ್ಲಿ ಇದು ಅರ್ಥ ಆಗಿಲ್ಲ' ಅಂತ ಬರೆಯಲ್ಲ. ನಾವು ನಾಲ್ಕೈದನೇ ಕ್ಲಾಸಿಗೆ ಗಣಿತ ಮಾಡುವ ಐದಾರು ಜನ ಮಾತ್ರ ಇದ್ದೇವೆ. ಅಧಿಕಾರಿಗಳನ್ನು ಸೇರಿಸಿಲ್ಲ. ಕ್ಲಸ್ಟರ್‌ನ ಶಾಲೆಗಳನ್ನು ನೋಡಿಕೊಳ್ಳುವ ನಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಹಳ ಒಳ್ಳೆಯವರು, ಆದರೆ ಅವರು ಗ್ರೂಪಿನಲ್ಲಿದ್ದರೆ ನಾವು ಬರೆಯೋ ಧಾಟಿಯೇ ವರದಿ ಥರ ಆಗಿಬಿಡುತ್ತದೆ.

ಪದ್ಧತಿ ಸುಲಭ. ವಾರಕ್ಕೆ ಒಬ್ಬರು ಒಂದೇ ಒಂದು ಲೆಕ್ಕದ ಫೋಟೊ ಹಾಕಬೇಕು. ಕೆಂಪು ಪೆನ್ನು ಆಡಿಸುವ ಮೊದಲೇ ಫೋಟೊ ತೆಗೆಯಬೇಕು, ಇದು ಮುಖ್ಯ. ಗುರುತು ಬಿದ್ದ ಮೇಲೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಜೊತೆಗೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಹೇಗೆ ಮಾಡ್ದೆ, ಹೇಳು' ಅಂತ ಕೇಳಿ, ಅದು ಹೇಳಿದ್ದನ್ನು ಅದರ ಮಾತಲ್ಲೇ ಬರೆಯಬೇಕು. 'ಸೊನ್ನೇಲಿ ಏನೂ ಇಲ್ವಲ್ಲ ಸಾರ್, ಅದಕ್ಕೆ ಏಳನ್ನೇ ಇಳಿಸ್ದೆ' ಅಂತ ಒಂದು ಮಗು ಹೇಳಿತ್ತು. ಯಾವ ತರಬೇತಿಯಲ್ಲೂ ನನಗೆ ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಉಳಿದವರು ಮೊದಲ ದಿನ 'ಮಗು ಹೀಗೆ ಯೋಚಿಸಿರಬಹುದು' ಅಂತ ಮಾತ್ರ ಬರೆಯಬೇಕು. ಸಲಹೆ ಎರಡನೇ ದಿನ. ಮೇಷ್ಟ್ರುಗಳಿಗೆ ಸಲಹೆ ಕೊಡದೆ ಒಂದು ದಿನ ಸುಮ್ನೆ ಇರೋದೇ ಕಷ್ಟ, ಅದು ಬೇರೆ ಮಾತು.

ನಿಮ್ಮ ಹುಡುಗಿಗೆ ಆಟದ ನೋಟು ಕೊಟ್ಟು ನೋಡಿ. ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ. ಅಂಗಡಿಗೆ 178 ಕೊಡಬೇಕು. ನೂರಕ್ಕೆ ಹತ್ತರ ಹತ್ತು ನೋಟು ಚಿಲ್ಲರೆ ಮಾಡಿಸಿ, ಅದರಲ್ಲಿ ಒಂದನ್ನು ಮತ್ತೆ ನಾಣ್ಯಕ್ಕೆ ಬದಲಿಸಲಿ. ಕೈಯಲ್ಲಿ ಹತ್ತರ ನೋಟು ಒಂಬತ್ತೇ ಉಳಿದದ್ದು ಅವಳಿಗೇ ಕಾಣುತ್ತದೆ. ಹುಡುಗನಿಗೆ ಈಗಲೇ ನೋಟು ಬೇಡ. '400ರಲ್ಲಿ 100 ತೆಗೆದರೇ 300 ಆಯ್ತು. ಇನ್ನೂ 78 ತೆಗೆಯೋದಿದೆ. 376 ಹೇಗೆ ಉಳಿಯುತ್ತೆ?' ಅಂತ ಬಾಯಲ್ಲೇ ಕೇಳಿ.

ಹೈಸ್ಕೂಲ್ ವಿಜ್ಞಾನ, ಧಾರವಾಡ

ಹೈಸ್ಕೂಲಿನವರಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ಇಮೇಲ್ ಗುಂಪುಗಳಿದ್ದವು, ಹಳಬರಿಗೆ ನೆನಪಿರಬಹುದು. ವಿಷಯವಾರು ಇದ್ದದ್ದರಿಂದ ಒಂದು ಪ್ರಶ್ನೆಗೆ ಬಂದ ಉತ್ತರಗಳೆಲ್ಲ ಒಂದೇ ಕಡೆ ಸಿಗುತ್ತಿದ್ದವು. ವಾಟ್ಸಾಪ್‌ನಲ್ಲಿ ಆ ಸುಖ ಇಲ್ಲ. ಹಾಗಾಗಿ ಮಾತು ವಾಟ್ಸಾಪ್‌ನಲ್ಲಿ ನಡೆಯಲಿ, ಪುಟಗಳು ಗೂಗಲ್ ಡ್ರೈವ್‌ನಲ್ಲಿರಲಿ. 'ಕಳೆಯುವುದು', 'ಭಿನ್ನರಾಶಿ' ಅಂತ ಫೋಲ್ಡರ್ ಮಾಡಿ.

ಈಗ ಎಚ್ಚರದ ಮಾತು. ಫೋಲ್ಡರ್ ಶೇರ್ ಮಾಡುವಾಗ 'ಎನಿಒನ್ ವಿತ್ ದಿ ಲಿಂಕ್' ಒತ್ತಬೇಡಿ. ಆ ಲಿಂಕು ಫಾರ್ವರ್ಡ್ ಆದರೆ ಮುಗೀತು. 'ರಿಸ್ಟ್ರಿಕ್ಟೆಡ್' ಇಟ್ಟು ಆ ಐದಾರು ಜನರ ಇಮೇಲ್ ಮಾತ್ರ ಸೇರಿಸಿ. ಬುಕ್ಕಿನ ಲೇಬಲ್, ಹಾಜರಿ ನಂಬರ್, ಪುಟದ ಮೂಲೆಯಲ್ಲಿ ಮಗು ಬರೆದುಕೊಂಡ ಹೆಸರು, ಎಲ್ಲ ಕ್ರಾಪ್ ಮಾಡಿ. ಮುಖ ಬೇಡವೇ ಬೇಡ. ಲೆಕ್ಕ ಅರ್ಥ ಮಾಡಿಕೊಳ್ಳಲು ಮುಖ ಯಾಕೆ? ಫೋಟೊ ಸ್ಪಷ್ಟವಾಗಿರಲಿ ಅಂತ ಕೆಲವರು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತಾರೆ. ಹಾಗೆ ಕಳಿಸಿದರೆ ಫೋಟೊ ತೆಗೆದ ಜಾಗದ ವಿವರವೂ ಜೊತೆಗೇ ಹೋಗಬಹುದು. ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಡಿ.

ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ಹಿಡಿಯುತ್ತದೆ, ಪೋಷಕರ ಒಪ್ಪಿಗೆ ಕೇಳುತ್ತದೆ. ಹೆಡ್‌ಮಾಸ್ಟರ್‌ಗೆ ಹೇಳಿ, ಪೋಷಕರ ಸಭೆಯಲ್ಲಿ ಏನು ಮಾಡ್ತೀರಿ ಅಂತ ಬಾಯಿಬಿಟ್ಟು ಹೇಳಿ, ಸಹಿ ತಗೊಳ್ಳಿ. ಮಗುವನ್ನೂ ಒಂದು ಮಾತು ಕೇಳಿ.

ಇನ್ನೊಂದು ಸಣ್ಣ ತಲೆನೋವು. ಟಿಪ್ಪಣಿಯನ್ನು ಕಂಪ್ಯೂಟರ್‌ನಲ್ಲಿ ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಬೇರೆಯವರ ಮೊಬೈಲಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ. ಇಲ್ಲಾಂದ್ರೆ ಫೋನಿನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಇದೆ, ನಮ್ಮ ಕಡೆ ಮಾತನ್ನೂ ಸುಮಾರಾಗಿ ಹಿಡಿಯುತ್ತದೆ.

ನಿವೃತ್ತಿಗೆ ಹತ್ತಿರ

ಎಲ್ಲ ಸರಿ, ಆದರೆ ಮತ್ತೊಂದು ಗ್ರೂಪಾ? 2020ರ ಅಕ್ಟೋಬರ್‌ನಲ್ಲಿ ಶಿಕ್ಷಕರಿಗೆ ಕೇಂದ್ರ ಸರ್ಕಾರ ಕೊಡುವ ನಿಷ್ಠಾ ತರಬೇತಿ, ಸರ್ಕಾರದ್ದೇ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಆನ್‌ಲೈನ್ ಆಯಿತು. ಆಗಿನಿಂದ ನೋಡ್ತಾ ಇದ್ದೇನೆ. ವಿಡಿಯೋ ಒಂದು ಕಡೆ ಓಡುತ್ತಿರುತ್ತದೆ, ಟೀಚರ್ ಇನ್ನೊಂದು ಕಡೆ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಕೊನೆಗೆ ಸರ್ಟಿಫಿಕೇಟ್ ಡೌನ್‌ಲೋಡ್. ಅದರಲ್ಲಿ ಒಳ್ಳೆಯ ಪಾಠಗಳಿಲ್ಲ ಅಂತ ಹೇಳ್ತಿಲ್ಲ. ನೋಡಿದ್ದನ್ನು ಯಾರ ಜೊತೆ ಮಾತಾಡಬೇಕು ಅನ್ನೋದಕ್ಕೆ ಜಾಗ ಇರಲಿಲ್ಲ, ನನ್ನ ತಕರಾರು ಅದು.

ಡೇಟಾ ನಮ್ಮ ಜೇಬಿನದು, ಸಮಯ ನಮ್ಮ ಮನೆಯದು. ಇದನ್ನೂ ನೆನಪಿಡಿ. ನನ್ನ ಕೇಳಿದರೆ, ಆ ಪುಟದ ನಾಲ್ಕು ಜೆರಾಕ್ಸ್ ಮಾಡಿಸಿಕೊಂಡು ಕ್ಲಸ್ಟರ್ ಸಮಾಲೋಚನಾ ಸಭೆಗೆ ಬನ್ನಿ. ಊಟದ ಹೊತ್ತಿನಲ್ಲಿ ಮುಂದಿಟ್ಟುಕೊಂಡು ಮಾತಾಡೋಣ.

ಐದನೇ ಕ್ಲಾಸ್ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಹಾಸನದ ಸರ್, ನೋಟಿನ ಉಪಾಯ ಮಾಡಿ ನೋಡಿದೆ. ಹುಡುಗಿ ಹತ್ತರ ನೋಟುಗಳನ್ನು ಎರಡು ಸಲ ಎಣಿಸಿ, 'ಒಂದು ಎಲ್ಲೋಯ್ತು ಮಿಸ್?' ಅಂದಳು. ಪಕ್ಕದಲ್ಲಿದ್ದ ನಾಣ್ಯಗಳನ್ನು ನೋಡಿ ಅವಳೇ ನಕ್ಕಳು. ಆಮೇಲೆ ಪುಸ್ತಕದಲ್ಲಿ 10 ಹೊಡೆದು 9 ಬರೆದಳು. ಹುಡುಗ ಮಾತ್ರ 'ಬಾಯಲ್ಲಿ ಹೇಳಿದರೆ ಕಡಿಮೆ ಬರುತ್ತೆ, ಬರೆದರೆ ಜಾಸ್ತಿ ಬರುತ್ತೆ' ಅಂತ ವಾದ ಮಾಡ್ತಿದ್ದಾನೆ! ಎರಡೂ ಒಂದೇ ಲೆಕ್ಕ ಅಂತ ಅವನಿಗೆ ಅನ್ನಿಸಿಯೇ ಇಲ್ಲ. ನಿಜವಾದ ತೊಡಕು ಇಲ್ಲೇ ಇರಬೇಕು. ಇದನ್ನೇ ಮೊದಲ ಪುಟವಾಗಿ ಹಾಕುತ್ತೇನೆ.

ನಿವೃತ್ತಿಗೆ ಹತ್ತಿರ ಇರುವ ಸರ್, ಜೆರಾಕ್ಸ್ ನನಗೂ ಇಷ್ಟ. ನಮ್ಮ ಕ್ಲಸ್ಟರ್‌ನಲ್ಲಿ ಐದನೇ ತರಗತಿಗೆ ಗಣಿತ ಮಾಡುವವರು ಬೆರಳೆಣಿಕೆ, ಸಭೆಯ ದಿನ ಅವರಲ್ಲೂ ಅರ್ಧ ಜನ ಬೇರೆ ಕೆಲಸದ ಮೇಲಿರುತ್ತಾರೆ. ಅದಕ್ಕೇ ಫೋನು. ಭಾನುವಾರ ಗ್ರೂಪು ಬಂದ್ ಅಂತ ನಿಯಮ ಮಾಡೋಣ, ಬನ್ನಿ.

ಆರನೇ ಕ್ಲಾಸ್, ರಾಯಚೂರು

ನನ್ನನ್ನೂ ಸೇರಿಸಿಕೊಳ್ಳಿ ಮೇಡಂ. ನಮ್ಮಲ್ಲಿ ಅರ್ಧ ಕ್ಲಾಸು 0.5ಕ್ಕಿಂತ 0.35 ದೊಡ್ಡದು ಅನ್ನುತ್ತದೆ. ಕೇಳಿದರೆ '35 ದೊಡ್ಡದಲ್ರೀ ಸರ್?' ಅಂತಾರ. ಪುಟ ರೆಡಿ ಇದೆ, ಹೆಸರು ಕ್ರಾಪ್ ಮಾಡಿದ್ದೇನೆ. ಒಪ್ಪಿಗೆ ಪತ್ರದ ಒಂದು ನಮೂನೆ ಧಾರವಾಡದ ಸರ್ ಹಾಕಿದರೆ ಈ ಪೋಷಕರ ಸಭೆಗೇ ಸಹಿ ಮಾಡಿಸಿಬಿಡ್ತೀನಿ.