ರುಂಡವಿಲ್ಲದ ನಾಯಕ, ಆಕಳಿಸುವ ಹಿಮ್ಮೇಳ

ನಮ್ಮ ಭಾನುವಾರದ ಕಾಫಿ ಕೂಟದಲ್ಲಿ ಈ ಸಲ ಜಗಳ ಹುಟ್ಟಿದ್ದು ರಾಜಕೀಯದಿಂದಲ್ಲ, ಒಂದು ಆಕಳಿಕೆಯಿಂದ. ಪ್ಯಾರಿಸ್ಸಿನ ವ್ಯಂಗ್ಯಚಿತ್ರಕಾರ ಓನೊರೆ ದೋಮಿಯೆ 1852ರಲ್ಲಿ ರಚಿಸಿದ, ದುರಂತ ನಾಟಕ ನಡೆಯುತ್ತಿರುವಾಗಿನ ವಾದ್ಯವೃಂದದ ಕಲ್ಲಚ್ಚಿನ ಚಿತ್ರವೊಂದನ್ನು ನಾನು ಮೊಬೈಲಿನಲ್ಲಿ ತೋರಿಸಿದ್ದೆ. ಅದರ ಮೇಲ್ಭಾಗದಲ್ಲಿ ರಂಗದ ಮೇಲಿರುವವರ ಕಾಲುಗಳೂ ನಿಲುವಂಗಿಯ ಅಂಚೂ ಬಿಟ್ಟರೆ ಬೇರೇನೂ ಇಲ್ಲ. ಕೆಳಗೆ ಕತ್ತಲೆಯಲ್ಲಿ ಕುಳಿತ ವಾದಕರಲ್ಲಿ ಕೆಲವರು ತೂಕಡಿಸುತ್ತಿದ್ದರೆ, ಒಬ್ಬನು ದವಡೆಯ ಕೀಲು ಕಳಚುವಂತೆ ಬಾಯಿ ತೆರೆದಿದ್ದಾನೆ.

“ಇವನಿಗೆ ತಲೆ ಬರೆಯಲು ಬರುತ್ತಿರಲಿಲ್ಲವೇ?” ಎಂದು ಸೀತಾರಾಮು ಕೇಳಿದನು.

“ಚೆನ್ನಾಗಿಯೇ ಬರುತ್ತಿತ್ತು. 1841ರಲ್ಲಿ ಶಾಸ್ತ್ರೀಯ ದುರಂತ ನಾಟಕದ ನಟರ ಮುಖಗಳನ್ನೇ ಹಿಡಿದು ಒಂದು ಮಾಲಿಕೆ ಮಾಡಿದ್ದನು. ಇಲ್ಲಿ ಬೇಕೆಂದೇ ಕತ್ತರಿಸಿದ್ದಾನೆ. 1870ರ ಸುಮಾರಿಗೆ ಚಿತ್ರಕಾರ ದೆಗಾ ಕೂಡ ಒಪೆರಾದ ವಾದಕರನ್ನು ಬರೆಯುವಾಗ ನರ್ತಕಿಯರ ತಲೆಗಳನ್ನು ಚೌಕಟ್ಟಿನಾಚೆಗೆ ಬಿಟ್ಟುಬಿಟ್ಟನು,” ಎಂದೆ.

ಹವ್ಯಾಸಿ ತಂಡವೊಂದಕ್ಕೆ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಗುಂಡಣ್ಣನವರಿಗೆ ಇದು ಪಥ್ಯವಾಗಲಿಲ್ಲ. “ಇದು ಅವಮಾನ! ನಾಯಕನು ಐವತ್ತನೆಯ ಸಲ ವಿಷ ಕುಡಿಯುವಾಗಲೂ ಮೊದಲ ಸಲ ನೋಡಿದಂತೆ ಬೆಚ್ಚಿಬೀಳಲು ನಮಗೇನು ಪ್ರತ್ಯೇಕ ಸಂಭಾವನೆ ಕೊಡುತ್ತಾರೆಯೇ?” ಎಂದು ಗುಡುಗಿದರು. ಅವರು ವಾದಕರನ್ನು ಬೈಯುತ್ತಿದ್ದಾರೋ ಸಮರ್ಥಿಸುತ್ತಿದ್ದಾರೋ ನಮಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

“ಅಷ್ಟು ಹರಿತವಾದ ಕೈಯವನು ಬಡಪಾಯಿ ನಾಟಕದವರ ಬೆನ್ನು ಹತ್ತಿದ್ದೇಕೆ?” ಎಂಬುದು ಪದ್ಮಕ್ಕನವರ ಪ್ರಶ್ನೆ.

ದೊರೆ ಲೂಯಿ ಫಿಲಿಪ್‌ನನ್ನು ಪ್ರಜೆಗಳ ಹಣ ನುಂಗುವ ದೈತ್ಯನಂತೆ ಚಿತ್ರಿಸಿ 1832ರಲ್ಲಿ ದೋಮಿಯೆ ಸೆರೆಮನೆ ಸೇರಿದ್ದನ್ನೂ, 1835ರ ಕಾನೂನು ರಾಜಕೀಯ ವ್ಯಂಗ್ಯಚಿತ್ರಗಳ ಬಾಯಿಗೆ ಬೀಗ ಹಾಕಿದ್ದನ್ನೂ ನಾನು ವಿವರಿಸಿದೆ. “ಅಂದರೆ, ರಾಜನನ್ನು ಬರೆದರೆ ಸೆರೆವಾಸ, ರಾಜನ ವೇಷ ಹಾಕಿದವನನ್ನು ಬರೆದರೆ ಸಂಭಾವನೆ,” ಎಂದು ಸೀತಾರಾಮು ಲೆಕ್ಕ ಒಪ್ಪಿಸಿದನು.

ಆದರೆ ದೋಮಿಯೆಯ ಕಣ್ಣು ನಟರಿಗಿಂತ ಹೆಚ್ಚಾಗಿ ನೋಡುವವರ ಮೇಲೆಯೇ ಇತ್ತೆಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ, ‘ಲ ಶಾರಿವಾರಿ’ ಪತ್ರಿಕೆಗಾಗಿ ಅವನು 1864ರಲ್ಲಿ ಬರೆದ ರಂಗಮಂದಿರದ ಚಿತ್ರವೊಂದನ್ನು ತೆರೆದೆ. ಬೆಂಚುಗಳ ಮೇಲೆ ಒತ್ತಾಗಿ ಕುಳಿತ ಗಂಡಸರು ಮೈಮರೆತು ಚಪ್ಪಾಳೆ ತಟ್ಟುತ್ತಿದ್ದಾರೆ. ಪ್ಯಾರಿಸ್ಸಿನವರನ್ನು ಮೆಚ್ಚಿಸುವುದು ಕಷ್ಟವೆನ್ನುತ್ತಾರೆ, ಈ ನಾಲ್ಕು ಬೆಂಚುಗಳಲ್ಲಿ ಅತೃಪ್ತನು ಒಬ್ಬನೂ ಇಲ್ಲ, ಆದರೆ ಈ ಫ್ರೆಂಚರೆಲ್ಲರೂ ರೋಮನ್ನರು ಎಂಬುದು ಅಡಿಬರಹದ ತಾತ್ಪರ್ಯ. (ಇಂಥ ಅಡಿಬರಹಗಳನ್ನು ಬಹುಮಟ್ಟಿಗೆ ಬರೆಯುತ್ತಿದ್ದವರು ಪತ್ರಿಕೆಯವರು, ದೋಮಿಯೆಗೆ ಗೆರೆಯೊಂದೇ ಸಾಕಾಗಿತ್ತು.) ಕಾಸು ಪಡೆದು ಚಪ್ಪಾಳೆ ತಟ್ಟುವವರಿಗೆ ಅಲ್ಲಿ ರೋಮನ್ನರೆಂದೇ ಅಡ್ಡಹೆಸರು, ಏಕೆಂದರೆ ನೀರೋ ಚಕ್ರವರ್ತಿಯೂ ತನ್ನ ಗಾಯನಕ್ಕೆ ಅಂಥದೇ ಪಡೆಯನ್ನು ಸಾಕಿದ್ದನು.

“ಅದರಲ್ಲೂ ವಿಭಾಗಗಳಿದ್ದವು. ನಗುವವರು ಬೇರೆ, ಕರವಸ್ತ್ರ ಹಿಡಿದು ಅಳುವವರು ಬೇರೆ, ‘ಮತ್ತೊಮ್ಮೆ’ ಎಂದು ಕೂಗುವವರು ಬೇರೆ. 1830ರ ದಶಕದಲ್ಲಿ ಪ್ಯಾರಿಸ್ ಒಪೆರಾದ ಈ ಪಡೆಗೆ ಮುಖಂಡನಾಗಿದ್ದ ಒಗ್ಯುಸ್ತ್ ಲೆವಾಸ್ಸರ್ ತಾಲೀಮಿಗೇ ಹೋಗಿ, ಎಲ್ಲಿ ಎಷ್ಟು ತಟ್ಟಬೇಕೆಂದು ಮೊದಲೇ ನಿಶ್ಚಯಿಸುತ್ತಿದ್ದನು,” ಎಂದೆ.

ಗುಂಡಣ್ಣನವರ ಮುಖ ಅರಳಿತು. “ನೋಡಿದಿರಾ, ನಮ್ಮಲ್ಲಿ ಅಂಥ ಹೊಲಸಿರಲಿಲ್ಲ. ನಾನು ಕಲ್ಯಾಣಿ ನುಡಿಸಿದ ರಾತ್ರಿ ಹಿಂದಿನ ಸಾಲಿನಿಂದ ತಾನಾಗಿಯೇ ಮೂರು ಸಲ ‘ವನ್ಸ್ ಮೋರ್’ ಬಂದಿತ್ತು.”

“ಕೂಗಿದವನು ನನ್ನ ತಮ್ಮ,” ಎಂದು ಪದ್ಮಕ್ಕನವರು ಲೋಟ ಎತ್ತಿಡುತ್ತ ಹೇಳಿದರು. “ಒಂದು ಕೂಗಿಗೆ ಒಂದು ಮಸಾಲೆ ದೋಸೆಯೆಂದು ಮಾತಾಗಿತ್ತು. ಮೂರು ತಿಂದನು.”

ಗುಂಡಣ್ಣನವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನನ್ನ ಮೊಬೈಲನ್ನು ತೆಗೆದುಕೊಂಡು, ಮೊದಲಿನ ಚಿತ್ರವನ್ನು ಎರಡು ಬೆರಳುಗಳಿಂದ ಹಿಗ್ಗಿಸಿ, “ಈ ಆಕಳಿಸುವವನ ಪಕ್ಕದಲ್ಲಿ ಎಲ್ಲಿಯಾದರೂ ಒಂದು ಕುರ್ಚಿ ಖಾಲಿ ಇದೆಯೇ, ಸ್ವಲ್ಪ ನೋಡಿ,” ಎಂದರು.