ಕಾರ್ಟೆನ್ ಫಲಕಗಳಿಂದ ಕೆಂಪು ನೀರು ಇಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮ ಕಟ್ಟಡದ ಮುಂಭಾಗಕ್ಕೆ ಕಾರ್ಟೆನ್ ಸ್ಟೀಲ್ ಫಲಕ ಹಾಕಿಸಿ ಕೆಲವೇ ತಿಂಗಳಾಯಿತು. ಮಳೆ ಬಂದಾಗಲೆಲ್ಲ ಕೆಂಪು ನೀರು ಇಳಿದು ಕೆಳಗಿನ ಕಾಂಕ್ರೀಟ್ ಕಲೆಯಾಗಿದೆ. ಬಣ್ಣವೂ ಒಂದೇ ಸಮ ಇಲ್ಲ. ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಬೂದು. ತಂತಿ ಬ್ರಷ್ ಹಾಕಿ ಉಜ್ಜಿಸಿ ವಾರ್ನಿಷ್ ಹೊಡೆಸಿಬಿಡಲಾ?

ಉತ್ತರ: ದಯವಿಟ್ಟು ಎರಡೂ ಬೇಡ ಮೇಡಂ. ಈಗ ಉಜ್ಜಿದರೆ ಗಾಯದ ಹಕ್ಕಳೆ ಕಿತ್ತಂತೆ, ಮತ್ತೆ ಮೊದಲಿನಿಂದ ಶುರು. ಕಾರ್ಟೆನ್ ಅಂದರೆ ಮೇಲಿನ ತುಕ್ಕನ್ನೇ ರಕ್ಷಣೆಯ ಪದರವಾಗಿಸಿಕೊಳ್ಳುವ ಉಕ್ಕು. ಇದಕ್ಕೆ ಸ್ವಲ್ಪ ತಾಮ್ರ, ಕ್ರೋಮಿಯಂ, ನಿಕಲ್ ಸೇರಿಸಿರುತ್ತಾರೆ. ಅದರಿಂದ ತುಕ್ಕು ದಟ್ಟವಾಗಿ ಅಂಟಿಕೊಂಡು, ಒಳಗಿನ ಲೋಹ ಸವೆಯುವುದು ತುಂಬಾ ನಿಧಾನವಾಗುತ್ತದೆ. ಆ ಪದರ ಕಟ್ಟಲು ಫಲಕ ನೆನೆಯಬೇಕು, ಪೂರ್ತಿ ಒಣಗಬೇಕು, ಮತ್ತೆ ನೆನೆಯಬೇಕು. ಸಾಮಾನ್ಯವಾಗಿ ಇದಕ್ಕೆ ಕೆಲವು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಕೆಂಪು ನೀರು ಬರುವುದು ಸಹಜ.

ಬೂದು ಉಳಿದಿರುವುದು ಬಹುಶಃ ಮಿಲ್ ಸ್ಕೇಲ್. ಕಾರ್ಖಾನೆಯಲ್ಲಿ ಬಿಸಿ ಉಕ್ಕನ್ನು ಹಾಳೆ ಮಾಡುವಾಗ ಕಟ್ಟುವ ಪೊರೆ ಅದು. ಜೋಡಿಸುವ ಮೊದಲೇ ಬ್ಲಾಸ್ಟಿಂಗ್ ಮಾಡಿ, ಅಂದರೆ ಒರಟು ಕಣಗಳನ್ನು ರಭಸದಿಂದ ಹೊಡೆದು, ತೆಗೆಯಬೇಕಿತ್ತು. ಈಗ ತಾನಾಗಿ ಬಿಡುತ್ತದೆ, ಆದರೆ ನಿಧಾನ. ಎಣ್ಣೆ ಜಿಡ್ಡು ಇದ್ದರೆ ಮಾತ್ರ ಸೋಪು ನೀರಿನಲ್ಲಿ ತೊಳೆಸಿ. ಬಣ್ಣ ಬೇಗ ಸಮವಾಗಬೇಕೆಂದರೆ ಶುದ್ಧ ನೀರು ಸಿಂಪಡಿಸಿ, ಪೂರ್ತಿ ಒಣಗಲು ಬಿಡಿ, ಮತ್ತೆ ಸಿಂಪಡಿಸಿ. ಉಪ್ಪು ನೀರು ಖಂಡಿತ ಬೇಡ.

ನಿಮ್ಮ ನಿಜವಾದ ಕೆಲಸ ನೀರಿನ ದಾರಿ ನೋಡುವುದು. ಎಲ್ಲಿ ನಿಲ್ಲುತ್ತದೆ? ಫಲಕದ ಕೆಳ ಅಂಚು, ಒಂದರ ಮೇಲೊಂದು ಕೂತ ಜೋಡಣೆ, ಎಲೆ ಕಸ ಸೇರುವ ಮೂಲೆ, ಮಣ್ಣು ತಾಗುವ ಜಾಗ. ಇಲ್ಲೆಲ್ಲ ಉಕ್ಕು ಒಣಗುವುದೇ ಇಲ್ಲ, ರಕ್ಷಣೆಯ ಪದರವೂ ಕಟ್ಟುವುದಿಲ್ಲ. ಜೋಡಣೆಯ ಸಂದಿನಲ್ಲಿ ತುಕ್ಕು ಉಬ್ಬಿ ಫಲಕವನ್ನೇ ಬಾಗಿಸುತ್ತದೆ. ಅಮೆರಿಕದ ಮೊಲೀನ್‌ನಲ್ಲಿರುವ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್‌ನ ಕಚೇರಿ 1964ರಿಂದ ಇದೇ ಉಕ್ಕಿನಲ್ಲಿ ನಿಂತಿದೆ. ಅಟ್ಲಾಂಟಾದ ಓಮ್ನಿ ಕ್ರೀಡಾಂಗಣದ ಉಕ್ಕು ಮಾತ್ರ ಅಲ್ಲಿನ ತೇವದ ಹವೆಯಲ್ಲಿ ತುಕ್ಕು ಹಿಡಿಯುತ್ತಲೇ ಹೋಯಿತು. 1972ರಲ್ಲಿ ತೆರೆದ ಅದನ್ನು 1997ರಲ್ಲಿ ಕೆಡವಿದರು.

ಇನ್ನೊಬ್ಬ ಸದಸ್ಯರು: ಒಳ್ಳೆ ತುಕ್ಕು, ಕೆಟ್ಟ ತುಕ್ಕು ಅಂತ ಗುರುತಿಸುವುದು ಹೇಗೆ ಸರ್?

ಉತ್ತರ: ಕೈಯಿಂದ ಸವರಿ ನೋಡಿ. ಸಣ್ಣ ಪುಡಿ ಅಂಟಿದರೆ ಹೊಸ ಫಲಕದಲ್ಲಿ ಅದು ಸರಿಯೇ. ಹಪ್ಪಳದಷ್ಟು ಅಗಲದ ಚಕ್ಕೆಗಳು, ಪದರ ಪದರವಾಗಿ ಏಳುತ್ತಿದ್ದರೆ ಅಲ್ಲಿ ನೀರೋ ಉಪ್ಪೋ ಕೂತಿದೆ ಅಂತಲೇ ಅರ್ಥ. ಕಾರಣ ಹುಡುಕಿ ಸರಿಪಡಿಸದೆ ಮೇಲೆ ಏನು ಬಳಿದರೂ ಪ್ರಯೋಜನ ಇಲ್ಲ. ಸಮುದ್ರದ ಹತ್ತಿರ ಇದ್ದರೆ ಜಾಸ್ತಿ ಎಚ್ಚರ ಬೇಕು. ಸತು ಲೇಪಿಸಿದ ಬೋಲ್ಟ್ ಹಾಕಿದ್ದರೆ ಅದನ್ನೂ ನೋಡಿ, ಈ ಉಕ್ಕಿಗೆ ತಾಗಿದಲ್ಲಿ ಸತು ಬೇಗ ಕರಗುತ್ತದೆ.

ಪ್ರಶ್ನೆ ಕೇಳಿದವರು: ಕಾಂಕ್ರೀಟ್ ಕಲೆಗೆ ಏನು ಮಾಡಲಿ ಸರ್?

ಉತ್ತರ: ಮೊದಲು ಫಲಕದ ಕೆಳಗೆ ನೀರು ಹಿಡಿಯುವ ತಗಡಿನ ದೋಣಿ ಹಾಕಿಸಿ, ಇಲ್ಲವೇ ಜಲ್ಲಿಯ ಪಟ್ಟಿ ಮಾಡಿ. ಆಮೇಲೆ ಆಕ್ಸಾಲಿಕ್ ಆಮ್ಲ ಇರುವ ಕಲೆ ತೆಗೆಯುವ ದ್ರಾವಣವನ್ನು ಒಂದು ಮೂಲೆಯಲ್ಲಿ ಪರೀಕ್ಷಿಸಿ ಬಳಸಿ. ಅದು ವಿಷ, ಕೈಗವಸು, ಕನ್ನಡಕ ಇರಲಿ. ಫಲಕಕ್ಕೆ ಸಿಡಿಯಬಾರದು. ಬಚ್ಚಲು ತೊಳೆಯುವ ಆ್ಯಸಿಡ್ ಹತ್ತಿರ ತರಬೇಡಿ, ಅದರಲ್ಲಿನ ಕ್ಲೋರೈಡ್ ಉಕ್ಕನ್ನು ತಿನ್ನುತ್ತದೆ. ಕೆಳ ಅಂಚಿನ ಒಂದು ಫೋಟೊ ಹಾಕಿ, ದೋಣಿ ಎಲ್ಲಿ ಕೂರಿಸಬಹುದು ಅಂತ ಹೇಳುತ್ತೇನೆ.