ವಿಷಯ: ಎರಕದ ಗೊಂಬೆಯ ಅಂಚಿಗಂಟಿದ ತೆಳು ಪೊರೆಗೆ ಕನ್ನಡದಲ್ಲಿ ಏನಂತಾರೆ? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ.

ನಾವು ಏಳೆಂಟು ಜನ ಭಾನುವಾರ ಸೇರಿ ಸೈನಿಕರ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುತ್ತೇವೆ. ಹೊಸಬರಿಗಾಗಿ ಒಂದು ಹಾಳೆ ಮಾಡುತ್ತಿದ್ದೇನೆ. ರೆಸಿನ್ ಕಿಟ್, ಅಂದರೆ ಜೋಡಿಸಿಕೊಳ್ಳಬೇಕಾದ ಎರಕದ ತುಂಡುಗಳ ಡಬ್ಬಿ, ಕೈಗೆ ಬಂದಾಗ ಬಿಚ್ಚಿ ಏನೇನು ನೋಡಬೇಕು ಅನ್ನೋದು ಅದರಲ್ಲಿ ಇರುತ್ತದೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು. ಮೂರು ಪದ ಸಿಗುತ್ತಿಲ್ಲ.

ಎದುರಿಗಿರುವುದು ಗ್ರೆನೇಡಿಯರ್, ಅಂದರೆ ನೆಪೋಲಿಯನ್ನನ ಕಾವಲು ಪಡೆಯಾದ ಇಂಪೀರಿಯಲ್ ಗಾರ್ಡಿನ ಸೈನಿಕ. 75 ಮಿಲಿಮೀಟರ್ ಎತ್ತರ. ಕರಡಿ ತುಪ್ಪಳದ ಎತ್ತರದ ಟೋಪಿ, ಅದರ ಮುಂದೆ ಹಿತ್ತಾಳೆ ತಗಡು, ಹೆಗಲ ಮೇಲೆ ಕೆಂಪು ಕುಚ್ಚು. ಇಂಥ ಗೊಂಬೆಯನ್ನು ಸಿಲಿಕೋನ್ ಅಚ್ಚಿನಲ್ಲಿ ಎರೆಯುತ್ತಾರೆ. ಅಚ್ಚಿನ ಎರಡು ಹೋಳು ಕೂಡುವ ಕಡೆ ಗೊಂಬೆಯ ಮೇಲೆ ಒಂದು ಸಣ್ಣ ಏಣು ಉಳಿಯುತ್ತದೆ. ಇದು ಮೊದಲನೆಯದು. ಹೋಳುಗಳು ಸರಿಯಾಗಿ ಕೂಡದಿದ್ದರೆ ಸಂದಿಯಲ್ಲಿ ರೆಸಿನ್ ಸೋರಿ ಈರುಳ್ಳಿ ಸಿಪ್ಪೆಯಂಥ ಪೊರೆ ಆಗುತ್ತದೆ. ಇದು ಎರಡನೆಯದು. ಎರೆದ ಬಾಯಲ್ಲಿ ನಿಂತ ರೆಸಿನ್ ಗಟ್ಟಿಯಾಗಿ ಒಂದು ದಿಮ್ಮಿ ಅಂಟಿಕೊಂಡಿರುತ್ತದೆ, ಅದನ್ನು ಗರಗಸದಲ್ಲಿ ಕೊಯ್ಯಬೇಕು. ಇದು ಮೂರನೆಯದು.

ವಾಕ್ಯ ಹೀಗಿದೆ, ಜಾಗ ಬಿಟ್ಟಿದ್ದೇನೆ: "........ ಮುಖದ ಮೇಲೆ ಹಾದಿದ್ದರೆ ಆ ಕಿಟ್ ಬೇಡ, ಕೆರೆಯಲು ಹೋದರೆ ಮೂಗೇ ಹೋಗುತ್ತದೆ. ಕಾಲಿನ ಪಕ್ಕಕ್ಕೆ ಹಾದಿದ್ದರೆ ಚಿಂತೆಯಿಲ್ಲ." ದಯವಿಟ್ಟು ಪದ ಕೊಡಿ.

*

ಬೆಂಗಳೂರಿನಿಂದ:

ಮೊದಲು "ರೆಸಿನ್" ತೆಗೆಯಿರಿ. "ರಾಳ" ಇದೆ. ಇರುವ ಪದವನ್ನು ಬಳಸದೆ ಇಲ್ಲದ ಪದ ಕೇಳುವುದು ನಮ್ಮ ರೋಗ.

*

ಧಾರವಾಡದಿಂದ:

"ರಾಳ" ಸಂಸ್ಕೃತದ "ರಾಲ". ಒಬ್ಬರ ಮನೆಯಿಂದ ತಂದದ್ದನ್ನು ವಾಪಸ್ ಕೊಟ್ಟು ಇನ್ನೊಬ್ಬರ ಮನೆಯಿಂದ ತಂದ ಹಾಗಾಯಿತು. ಅಚ್ಚಗನ್ನಡ ಸಿಗದಿದ್ದರೂ ಮನೆಮಾತಿನ "ಮೇಣ" ಅನ್ನಿ. ಹಲಸಿನ ಮೇಣ ಅನ್ನುವುದಿಲ್ಲವೇ?

*

ದಾವಣಗೆರೆಯಿಂದ:

ಸರ್, ಗ್ರಂಥಿಗೆ ಅಂಗಡಿಯಲ್ಲಿ ರಾಳ ಅಂದರೆ ಧೂಪಕ್ಕೆ ಹಾಕುವ ಪುಡಿ ಕಟ್ಟಿಕೊಡುತ್ತಾರೆ. ಮೇಣ ಅಂದರೆ ಮೇಣದಬತ್ತಿ ಅಂದುಕೊಳ್ಳುತ್ತಾರೆ. ನಮ್ಮದು ಪಾಲಿಯುರೆಥೇನ್, ಮರದಿಂದ ಬಂದದ್ದಲ್ಲ. ಸುಮ್ನೆ "ಪ್ಲಾಸ್ಟಿಕ್ ಗೊಂಬೆ" ಅಂತಲೂ ಬರೆಯೋ ಹಾಗಿಲ್ಲ. ಹಾಗೆ ಬರೆದರೆ ಹುಡುಗರು ಪ್ಲಾಸ್ಟಿಕ್ ಸಿಮೆಂಟ್ ತರುತ್ತಾರೆ. ಅದು ಪಾಲಿಸ್ಟೈರೀನನ್ನು ಕರಗಿಸಿ ಕೂಡಿಸುವ ಅಂಟು, ರೆಸಿನ್ನಿಗೆ ಹತ್ತುವುದೇ ಇಲ್ಲ. ಇದಕ್ಕೆ ಸೂಪರ್ ಗ್ಲೂ ಬೇಕು. ಆದ್ದರಿಂದ "ರೆಸಿನ್" ಇರಲಿ. ನಾನು ಕೇಳಿದ ಮೂರು ಪದ?

*

ಮೈಸೂರಿನಿಂದ:

ಮೊದಲನೆಯದಕ್ಕೆ ಪದ ಇದೆ, ಯಾಕೆ ಯಾರಿಗೂ ಹೊಳೆಯಲಿಲ್ಲವೋ. "ಬೈತಲೆ." ಕೂದಲು ಎರಡಾಗುವ ಕಡೆ ಇರುವ ಗೆರೆ. ಅಚ್ಚು ಎರಡಾಗುವ ಕಡೆ ಇರುವ ಗೆರೆಗೂ ಅದೇ ಸಲ್ಲುತ್ತದೆ. "ಬಗೆ" ಧಾತುವಿಗೆ ಸೀಳು ಅನ್ನುವ ಅರ್ಥ ಇದೆ. ಬಗೆದ ತಲೆ, ಬಗೆತಲೆ, ಬಯ್ತಲೆ, ಬೈತಲೆ. ಇದನ್ನು ನಾನು ಈ ಬಳಗದಲ್ಲಿ ಮೊದಲೂ ಬರೆದಿದ್ದೇನೆ.

*

ಧಾರವಾಡದಿಂದ:

ಬರೆದಿದ್ದೀರಿ. ಆಗಲೂ ಒಂದು ಶಾಸನದ ಸಾಲು ತೋರಿಸಲಿಲ್ಲ. ಕಿವಿಗೆ ಹಿತವಾದದ್ದೆಲ್ಲ ನಿರುಕ್ತಿ ಆಗುವುದಿಲ್ಲ.

*

ಹರಿಹರದಿಂದ:

ಪದ ಚೆನ್ನಾಗಿದೆ, ಆದರೆ ಪ್ರಿಂಟಿನವನು ಒಂದಕ್ಷರ ತಪ್ಪಿಸಿದರೆ "ಬೆತ್ತಲೆ ಮುಖದ ಮೇಲೆ ಹಾದಿದ್ದರೆ" ಅಂತ ಆಗುತ್ತದೆ. ಹುಷಾರು.

ನಾನು ಎರಕದ ಕೆಲಸದಲ್ಲಿ ಇದ್ದವನು. ನಮ್ಮೂರಲ್ಲಿ 1941ರಿಂದ ಲೇತ್ ಮಾಡಿದವರು, ಫೌಂಡ್ರಿ ಮಾತು ನಮಗೆ ಮನೆಮಾತು. ಆ ಗೆರೆಗೆ ನಾವು ಪಾರ್ಟಿಂಗ್ ಲೈನ್ ಅಂತಲೇ ಅನ್ನುತ್ತಿದ್ದೆವು. ಪೊರೆಗೆ ಫಿನ್ ಅನ್ನುತ್ತಿದ್ದೆವು. ಕನ್ನಡ ಮಾಡಬೇಕು ಅಂತ ಯಾರಿಗೂ ಅನಿಸಿರಲಿಲ್ಲ, ಸಂಜೆಗೆ ಮಾಲು ಹೋಗಬೇಕಿತ್ತು. ದಿಮ್ಮಿಗೆ ಮಾತ್ರ ನನ್ನ ಜೊತೆಯವನೊಬ್ಬ "ತೊಟ್ಟು" ಅನ್ನುತ್ತಿದ್ದ. ಬದನೆಕಾಯಿ ತೊಟ್ಟು ಮುರಿದ ಹಾಗೆ ಮುರಿಯುತ್ತಾನೆ ಅಂತ ನಗುತ್ತಿದ್ದೆವು. ಈಗ ಅನಿಸುತ್ತದೆ, ಅವನೇ ಸರಿ. ಕಾಯಿ ತೊಟ್ಟಿನಿಂದಲೇ ತುಂಬುವುದು, ಗೊಂಬೆಯೂ ಅಲ್ಲಿಂದಲೇ ತುಂಬುವುದು.

ಒಂದು ಮಾತು. ಉಜ್ಜುವಾಗ ನೀರು ಹಚ್ಚಿ ಉಜ್ಜಲು ಹೇಳಿ, ಮಾಸ್ಕ್ ಹಾಕಲಿ. ಆ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ.

*

ಚಿತ್ರದುರ್ಗದಿಂದ:

ನಿಮ್ಮ ಯಾರ ಮನೆಯಲ್ಲೂ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾಡುವುದಿಲ್ಲವೇನ್ರೀ? ಮರದ ಅಚ್ಚು, ಎರಡು ಹೋಳು. ದಾರ ಸುತ್ತಿ ಬಿಗಿದು ಪಾಕ ಎರೆಯುವುದು. ಆರಿದ ಮೇಲೆ ಬಿಚ್ಚಿದರೆ ಆನೆಯೋ ಕುದುರೆಯೋ ತೇರೋ. ದಾರ ಸಡಿಲಾದರೆ ಅಂಚಿಗೆ ತೆಳ್ಳಗೆ ಪಾಕ ಸೋರಿರುತ್ತಿತ್ತು. ಅದಕ್ಕೆ ನಮ್ಮಜ್ಜಿ "ರೆಕ್ಕೆ" ಅನ್ನುತ್ತಿದ್ದಳು. "ಆನೆಗೆ ರೆಕ್ಕೆ ಬಂದೈತೆ, ಮುರ್ಕಂಡ್ ತಿನ್ರೋ" ಅಂತ. ಗೊಂಬೆ ಆರತಿಗೆ, ರೆಕ್ಕೆ ಮಕ್ಕಳಿಗೆ. ನಾವು ಬೇಕಂತಲೇ ದಾರ ಸಡಿಲ ಬಿಡುತ್ತಿದ್ದೆವು.

ಹರಿಹರದ ಅಣ್ಣ ಹೇಳಿದ ಫಿನ್ ಅಂದರೂ ರೆಕ್ಕೆಯೇ ಅಲ್ವಾ? ಅಜ್ಜಿ ಯಾವ ಫೌಂಡ್ರಿಯನ್ನೂ ನೋಡಿದವಳಲ್ಲ.

*

ಬೆಂಗಳೂರಿನಿಂದ:

"ಫಿನ್" ಮೀನಿನದು, "ರೆಕ್ಕೆ" ಹಕ್ಕಿಯದು. ಪರಿಭಾಷೆ ಅಡುಗೆಮನೆಯಲ್ಲಿ ಹುಟ್ಟುವುದಿಲ್ಲ. "ಅಧಿಸ್ರಾವ" ಎಂದು ಮಾಡಬಹುದು.

*

ಚಿತ್ರದುರ್ಗದಿಂದ:

ಮಾಡಿಕೊಳ್ಳಿ.

*

ಧಾರವಾಡದಿಂದ:

ರಾಳ ಆಯಿತು, ಈಗ ಅಧಿಸ್ರಾವ. ಹೊರಗಿನದು ಬೇಡ ಅನ್ನುವವರು ಗೊಂಬೆಯ ಕೈಲಿರುವ ಬಂದೂಕನ್ನೂ ಕಿತ್ತುಕೊಳ್ಳಲಿ, ಅದು ಪಾರಸಿಯಿಂದ ಬಂದದ್ದು. ಸಿಪಾಯಿಯೂ ಅಲ್ಲಿಯವನೇ. ಕೋವಿ ಹಿಡಿದ ಪಡೆಯಾಳು ಅನ್ನಿ.

*

ಮೈಸೂರಿನಿಂದ:

"ಅಚ್ಚ" ಸಂಸ್ಕೃತ ಅನ್ನುವವರೂ ಇದ್ದಾರೆ. ಹಾಗಾದರೆ "ಅಚ್ಚಗನ್ನಡ"ವೂ ಬೆರಕೆಯೇ. ಇರಲಿ. ಬೈತಲೆಗೆ ಯಾರೂ ಉತ್ತರ ಕೊಡಲಿಲ್ಲ.

*

ಹರಿಹರದಿಂದ:

ನೆಪೋಲಿಯನ್ನಿನ ಆಳು ಯಾಕೆ, ನಿಮ್ಮ ಪಕ್ಕದ ದುರ್ಗದಲ್ಲೇ ಓಬವ್ವ ಇದ್ದಾಳಲ್ಲ. ಒಂದು ಮೈ, ಒಂದು ಒನಕೆ. ಎರಡೇ ತುಂಡಿನ ಕಿಟ್.

*

ದಾವಣಗೆರೆಯಿಂದ:

ಅಣ್ಣ, ಅಷ್ಟು ಸುಲಭ ಅಲ್ಲ. ಉದ್ದ, ತೆಳು, ನೆಟ್ಟಗಿರಬೇಕಾದ ತುಂಡೇ ರೆಸಿನ್ನಿನಲ್ಲಿ ಬಾಗುವುದು ಜಾಸ್ತಿ. ನಮ್ಮ ಗ್ರೆನೇಡಿಯರನ ಬಂದೂಕು ಸೌತೆಕಾಯಿ ಹಾಗೆ ಬಾಗಿ ಬಂತು. ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದೆ. ಟೋಪಿಯ ತುಪ್ಪಳದಲ್ಲಿ ಗಾಳಿಗುಳ್ಳೆಯ ತೂತುಗಳು ಬೇರೆ. ಕೂದಲಿನ ನಡುವೆ ತೂತು ಮುಚ್ಚುವುದು ದೊಡ್ಡ ತಲೆನೋವು. ಅದೇ ತೂತು ಕೋಟಿನ ಬೆನ್ನ ಮೇಲಿದ್ದರೆ ಐದು ನಿಮಿಷದ ಕೆಲಸ.

ಪ್ರಿಂಟಿಗೆ ಕೊಟ್ಟೆ. ಕೊನೆಗೆ ಹೀಗೆ ಬರೆದೆ:

"ತುಂಡುಗಳನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆಯಿರಿ, ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ರೆಕ್ಕೆ ಎಷ್ಟಿದೆ ನೋಡಿ. ತೆಳುವಾಗಿದ್ದರೆ ಬ್ಲೇಡಿನ ತುದಿಗೇ ಬರುತ್ತದೆ. ಬೆರಳುಗಳ ನಡುವೆ ದಪ್ಪಗೆ ಕೂತಿದ್ದರೆ ಅಚ್ಚು ಸವೆದಿದೆ ಅಂತ ಅರ್ಥ. ತೊಟ್ಟು ಎಲ್ಲಿದೆ ನೋಡಿ. ಅಂಗಾಲಿನ ಕೆಳಗಿದ್ದರೆ ಒಳ್ಳೆಯದು, ಕೊಯ್ದ ಗುರುತು ಕಾಣುವುದಿಲ್ಲ. ಅಚ್ಚುಗೆರೆ ಮುಖದ ಮೇಲೆ ಹಾದಿದ್ದರೆ ಆ ಕಿಟ್ ಬೇಡ."

ಬೈತಲೆ ನನಗೂ ಇಷ್ಟವಾಗಿತ್ತು, ಮೈಸೂರಿನ ಮೇಷ್ಟ್ರೇ. ಪ್ರಿಂಟಿನವನ ಮೇಲೆ ನಂಬಿಕೆ ಸಾಲಲಿಲ್ಲ. ದುರ್ಗದ ಅಕ್ಕನ ಅಜ್ಜಿಗೆ ಒಂದು ದೊಡ್ಡ ನಮಸ್ಕಾರ.

*

ಬೆಂಗಳೂರಿನಿಂದ:

"ಕಿಟ್" ಹಾಗೇ ಇದೆ.